ಕಸದ ಗಾಡಿ ಒಯ್ಯದ ಬಾಟಲಿ

ಮಾವ ತೀರಿಕೊಂಡ ಮರುವರ್ಷ ಹುಮನಾಬಾದಿನ ಕಾಳಿನ ಪೇಟೆಯಲ್ಲಿದ್ದ ರೈತರ ಕಾಳು ಮಾರಿಸಿಕೊಡುವ ಅವರ ಅಡತಿ ಅಂಗಡಿಯನ್ನು ಖಾಲಿ ಮಾಡಿದೆವು. ಮಾರುವುದನ್ನೆಲ್ಲ ಮಾರಿದ ಮೇಲೂ ಉಳಿದ ಸಾಮಾನು ಒಂದು ಟೆಂಪೋ ತುಂಬ ಬಸವಕಲ್ಯಾಣದ ನಮ್ಮ ಮನೆಗೆ ಬಂದು ಇಳಿಯಿತು. ಯಾವುದನ್ನೂ ಅಲ್ಲೇ ಬಿಟ್ಟುಬರಲು ಅತ್ತೆ ಒಪ್ಪಲಿಲ್ಲ. ಆ ಅಂಗಡಿಯ ಹಿಂದಿನ ಎರಡು ಖೋಲಿಗಳಲ್ಲೇ ಅವರು ಮದುವೆಯಾಗಿ ಬಂದದ್ದು, ಮಕ್ಕಳನ್ನು ಹೆತ್ತದ್ದು. ಗಿರಾಕಿ ಬಂದಾಗ ಮುಂದಿನ ಬಾಗಿಲಿಗೆ ಬರುತ್ತಿರಲಿಲ್ಲ, ನಿಜ. ಆದರೆ ತೊಗರಿಯನ್ನು ಒಂದು ಹಿಡಿ ಅಂಗೈಗೆ ಹಾಕಿಕೊಂಡು ಅದು ಎಷ್ಟು ಒಣಗಿದೆ ಎಂದು ಹೇಳುತ್ತಿದ್ದವರು ಅವರೇ.

ನಾನು ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ಮಗಳು ಬಾಣಂತನಕ್ಕೆ ಬಂದಿದ್ದಳೆಂದು ರಜೆ ಹಾಕಿ ಮನೆಯಲ್ಲಿದ್ದೆ. ಪಡಸಾಲೆ ತುಂಬ ಬಿದ್ದಿದ್ದ ಆ ಸಾಮಾನನ್ನು ಮೊದಲು ಸಾಗಹಾಕಬೇಕು, ಕೂಸಿಗೆ ಧೂಳಾಗುತ್ತದೆ ಅನ್ನುವುದೊಂದೇ ನನ್ನ ತಲೆಯಲ್ಲಿ. ಬೆಳಿಗ್ಗೆ ಹಾಡು ಹಾಕಿಕೊಂಡು ಓಣಿಗೆ ಬರುವ ಕಸದ ಗಾಡಿಗೆ ಅದನ್ನೆಲ್ಲ ಸ್ವಲ್ಪಸ್ವಲ್ಪವಾಗಿ ದಾಟಿಸಲು ನೋಡಿದೆ. ಗಾಡಿಯ ಹಿಂದೆ ನಡೆದು ಬರುವ ಹೆಂಗಸು ಚೀಲ ಬಿಚ್ಚಿಸದೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

"ಗಾದಿ ಒಯ್ಯಂಗಿಲ್ರಿ ಅಕ್ಕೋರೆ. ಟ್ಯೂಬ್‌ಲೈಟೂ ಬ್ಯಾಡ, ಒಡದು ಕೈಗೆ ಚುಚ್ತಾವ. ಆ ಬಣ್ಣದ ಡಬ್ಬಿ ಯಾಕ ತಂದ್ರಿ? ಒಳಗ ಇಟ್ಕೋರಿ."

ಗಾದಿಯನ್ನು ಹತ್ತಿ ಹಿಂಜುವ ಪಿಂಜಾರನಿಗೆ ಕೊಟ್ಟೆ. ಕೆಟ್ಟ ಫ್ಯಾನು, ತುಕ್ಕು ಹಿಡಿದ ತಕ್ಕಡಿ ಗುಜರಿಗೆ ಹೋದವು. ಹಾಗೆ ಪೆಟ್ಟಿಗೆಗಳನ್ನು ಬರಿದು ಮಾಡುತ್ತಾ ಹೋದಾಗ ಒಂದರ ತಳದಲ್ಲಿ ಗೋಣಿಯ ತುಂಡಿನಲ್ಲಿ ಸುತ್ತಿಟ್ಟ ಅಲ್ಯೂಮಿನಿಯಂ ಬಾಟಲಿ ಸಿಕ್ಕಿತು. ಅಲ್ಲಾಡಿಸಿದರೆ ಒಳಗೆ ಗುಳಿಗೆಗಳು ಉರುಳುವ ಸದ್ದು. ಅರ್ಧ ಹರಿದ ಚೀಟಿಯ ಮೇಲೆ ತಲೆಬುರುಡೆಯ ಚಿತ್ರ. ಉಳಿದ ಇಂಗ್ಲಿಷ್ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದೆ. ಗೋದಾಮಿನ ಕಾಳಿಗೆ ಹುಳ ಬೀಳದಂತೆ ಇಡುವ ಗುಳಿಗೆಗಳು. ಗಾಳಿಯ ತೇವ ತಗುಲಿದರೂ ಸಾಕು, ವಿಷದ ಗಾಳಿ ಬಿಡುತ್ತವೆ. ಜನ ಮಲಗುವ ಮನೆಯಲ್ಲಿ ಇಡಬಾರದು.

ಮರುದಿನ ಅದನ್ನು ಕೈಯಲ್ಲಿ ದೂರ ಹಿಡಿದುಕೊಂಡು ಗಾಡಿಯ ಬಳಿ ಹೋದೆ. ಆ ಹೆಂಗಸು ಚಿತ್ರ ನೋಡಿದವಳೇ ಎರಡು ಹೆಜ್ಜೆ ಹಿಂದೆ ಸರಿದಳು.

"ಇದನ್ನ ಮಾತ್ರ ನನ್ನ ಹತ್ರ ತರಬ್ಯಾಡ್ರಿ. ಮ್ಯಾಲ ಹಸಿ ಕಸ ಬೀಳ್ತದ, ಗಾಡ್ಯಾಗ ನಾವು ಕುಂದ್ರತೀವಿ."

"ಮತ್ತ ಎಲ್ಲಿ ಹಾಕ್ಲಿ?"

"ನಂಗ ಗೊತ್ತಿಲ್ರಿ," ಎಂದು ಅವಳು ಮುಂದಿನ ಮನೆಗೆ ಹೋದಳು.

ಗಂಡ ಭಾಲ್ಕಿಯಲ್ಲಿ ಬ್ಯಾಂಕಿನ ಕೆಲಸದವರು. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಅವತ್ತು ಬಂದು ಕೇಳಿದವರು, "ಊರ ಹೊರಗ ಯಾವುದರ ಕೆರಿಗೆ ಒಗದು ಬರ್ತೀನಿ ಬಿಡು," ಎಂದರು. ನೀರಿಗೆ ಅಂದೊಡನೆ ನಾನು ಬಾಟಲಿಯನ್ನು ಕಿತ್ತುಕೊಂಡೆ. ಹೂಳೋಣವೆಂದರೆ ಮಳೆಗಾಲ, ನೆಲವೆಲ್ಲ ಹಸಿ. ಪೇಟೆಯ ಗೊಬ್ಬರ ಔಷಧಿ ಅಂಗಡಿಯವನು ಸೀಲು ಒಡೆದ ಬಾಟಲಿಯನ್ನು ಒಳಗೆ ತರಲೂ ಬಿಡಲಿಲ್ಲ. ಕೊನೆಗೆ ಅದನ್ನು ಒಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮಾಳಿಗೆಯ ಮೆಟ್ಟಿಲ ಮೇಲಿನ ಸಣ್ಣ ಗೂಡಿನಲ್ಲಿಟ್ಟು ಕದ ಹಾಕಿದೆ. ಯಾರೂ ಮುಟ್ಟಬಾರದೆಂದು ಮನೆಯವರಿಗೆಲ್ಲ ಹೇಳಿದೆ. ಅತ್ತೆಗೂ ಹೇಳಿದೆ.

"ಅದು ನುಸಿ ಗುಳಿಗಿ," ಎಂದರು ಅವರು ನಗುತ್ತಾ. "ನಿಮ್ಮ ಮಾವ ಜೀವಮಾನ ಎಲ್ಲಾ ಅದನ್ನೇ ಹಿಡಕೊಂಡು ತಿರಗ್ಯಾರ. ನೀ ಅದಕ್ಕ ಹಾವು ಕಂಡಂಗ ಮಾಡಾಕತ್ತಿ."

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ಮಧ್ಯಾಹ್ನ, ಜಿಟಿಜಿಟಿ ಮಳೆ. ನಾನು ಔಷಧಿ ತರಲು ಪೇಟೆಗೆ ಹೋಗಿ ಬಂದೆ. ಅತ್ತೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಮಗಳೂ ಕೂಸೂ ನಡುವಿನ ಖೋಲಿಯಲ್ಲಿ ಮಲಗಿದ್ದರು. ಬಾಣಂತಿಗೆ ಗಾಳಿ ತಾಕಬಾರದೆಂದು ಅತ್ತೆ ಆ ಖೋಲಿಯ ಕಿಟಕಿಗಳನ್ನು ತೆಗೆಯಲು ಬಿಡುತ್ತಿರಲಿಲ್ಲ. ಬಾಗಿಲ ಬಳಿ ಬಂದಾಗ ಬೆಳ್ಳುಳ್ಳಿಯ ವಾಸನೆ ಬಂತು. ಬಾಣಂತಿಯ ಊಟಕ್ಕೆ ದಿನಾ ಬೆಳ್ಳುಳ್ಳಿ ಹುರಿಯುವ ಮನೆ ನಮ್ಮದು. ಅದರಲ್ಲಿ ಹೊಸದೇನಿಲ್ಲವೆಂದು ಕೈಕಾಲು ತೊಳೆಯಲು ಹೋದೆ.

ಬಚ್ಚಲಿನಲ್ಲಿದ್ದಾಗ ಮಗಳು ವಾಂತಿ ಮಾಡುವ ಸದ್ದು ಕೇಳಿತು.

ಓಡಿ ಬಂದೆ. ಅವಳು ಹಾಸಿಗೆಯ ಅಂಚಿನಲ್ಲಿ ಬಗ್ಗಿ ಕೂತಿದ್ದಳು. "ಮಮ್ಮೀ, ತಲಿ ಸಿಡ್ಯಾಕತ್ತದ. ಎದಿ ಹಿಡದಂಗ ಆಗ್ಯಾದ," ಎಂದಳು. ಈ ಸಲ ಆ ವಾಸನೆ ಬರೀ ಬೆಳ್ಳುಳ್ಳಿಯದಾಗಿರಲಿಲ್ಲ. ಕೊಳೆತ ಬೆಳ್ಳುಳ್ಳಿಗೆ ಮೀನು ಬೆರೆಸಿದಂತಿತ್ತು. ಮೂಲೆಯಲ್ಲಿ ನಮ್ಮ ಜೋಳದ ಪೀಪಾಯಿ ಇತ್ತು, ವರ್ಷದುದ್ದಕ್ಕೂ ಅಲ್ಲೇ ಇರುವಂಥದ್ದು. ಅದರ ಮುಚ್ಚಳದ ಮೇಲೆ ಮಡಚಿದ ಕಂಬಳಿ ಹೊದಿಸಿತ್ತು. ನಾನು ಹೊದಿಸಿದ್ದಲ್ಲ.

"ಅತ್ತೀ! ಜೋಳಕ್ಕ ಏನರ ಹಾಕೀರೇನು?"

ಅಡುಗೆಮನೆಯಿಂದ ಸಮಾಧಾನದ ದನಿ ಬಂತು. "ನುಸಿ ಹತ್ತಿತ್ತವ್ವ. ಮುಂಜಾನೆ ಅವರ ಗುಳಿಗಿ ಅರಿವ್ಯಾಗ ಕಟ್ಟಿ ಒಳಗ ಇಟ್ಟೀನಿ. ಇನ್ನ ಒಂದು ಹುಳ ಉಳಿಯಂಗಿಲ್ಲ ನೋಡು."

ಆ ಮಾತು ಮುಗಿಯುವಷ್ಟರಲ್ಲಿ ಕೂಸು ನನ್ನ ಎದೆಗಿತ್ತು. ಅದು ಅಳಲಿಲ್ಲ. ಅಷ್ಟು ಒರಟಾಗಿ ಎತ್ತಿದರೂ ಅಳಲಿಲ್ಲ. ಇನ್ನೊಂದು ಕೈಯಲ್ಲಿ ಮಗಳ ರಟ್ಟೆ ಹಿಡಿದು ಎಳೆದೆ. ಪಡಸಾಲೆ ದಾಟಿ, ಹೊಸ್ತಿಲು ದಾಟಿ, ಓಣಿಯ ನಡುವೆ ಮಳೆಯಲ್ಲಿ ನಿಂತೆವು. ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿಬಂದರು.

"ನಿನಗ ಹುಚ್ಚು ಹಿಡದಾದೇನು? ಹಸಿ ಬಾಣಂತಿನ್ನ ಮಳ್ಯಾಗ ನಿಂದ್ರಸ್ತಿ? ಕೂಸು ತೊಯ್ಯಾಕತ್ತದ, ಒಳಗ ಬಾ!"

"ನೀವು ಹೊರಗ ಬರ್ರಿ ಅತ್ತಿ! ಮೊದಲ ಹೊರಗ ಬರ್ರಿ!"

ನಾನು ಅವರ ಮೇಲೆ ಎಂದೂ ಹಾಗೆ ಕೂಗಿದವಳಲ್ಲ. ಓಣಿಯ ಬಾಗಿಲುಗಳೆಲ್ಲ ತೆರೆದವು. ಎದುರು ಮನೆಯವರು ಛತ್ರಿ ತಂದರು, ಅವರ ಅಳಿಯ ಆಟೋ ತಂದ. ಆಟೋ ಹೊರಟಾಗ ತಿರುಗಿ ನೋಡಿದೆ. ಅತ್ತೆ ನಮ್ಮ ಬಾಗಿಲಿನ ಹೊರಗೆ, ಮಳೆಯಲ್ಲಿ, ಹಿಟ್ಟು ಮೆತ್ತಿದ ಕೈಗಳನ್ನು ಮುಂದಕ್ಕೆ ಚಾಚಿಕೊಂಡು ನಿಂತಿದ್ದರು. ಆಗ ಅವರಿಗೆ ತಿಳಿದಿತ್ತು ಅನಿಸುತ್ತದೆ.

ಆಸ್ಪತ್ರೆಯಲ್ಲಿ ಗುಳಿಗೆಯ ಹೆಸರು ಹೇಳಿದ ಕೂಡಲೇ ವೈದ್ಯರ ಮುಖ ಬದಲಾಯಿತು. ಕೂಸಿಗೂ ಮಗಳಿಗೂ ಆಮ್ಲಜನಕ ಹಚ್ಚಿದರು, ಎದೆಗೆ ವಯರು ಅಂಟಿಸಿದರು. ನಾನು ಅವರ ಬೆನ್ನ ಹಿಂದೆಯೇ ನಿಂತು ಕೇಳಿದೆ: "ಇಂಜೆಕ್ಷನ್ ಏನರ ಕೊಡ್ತೀರೇನ್ರಿ?"

"ಈ ವಿಷಕ್ಕ ಅಂತ ಬ್ಯಾರೆ ಔಷಧ ಇಲ್ರಿ ತಾಯಿ. ಎಷ್ಟು ಗಾಳಿ ಒಳಗ ಹೋಗ್ಯಾದ ಅನ್ನೋದರ ಮ್ಯಾಲ ಅದ. ನೋಡಬೇಕು, ಕಾಯಬೇಕು. ಅಷ್ಟೇ."

ಕಾದೆವು. ಗಂಡ ಭಾಲ್ಕಿಯಿಂದ ಬಂದರು, ಮಗಳ ಗಂಡನೂ ಅವನ ತಾಯಿಯೂ ಚಿಟಗುಪ್ಪದಿಂದ ಬಂದರು. ಪರದೆಯ ಮೇಲೆ ಕೂಸಿನ ಎದೆಬಡಿತದ ಗೆರೆ ಓಡುತ್ತಿತ್ತು. ಆ ಗೆರೆಯಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ನನಗೆ ತಿಳಿಯದು. ಸ್ವಲ್ಪ ಎತ್ತರವಾದರೆ ನರ್ಸಿನ ಮುಖ ನೋಡುತ್ತಿದ್ದೆ, ಸ್ವಲ್ಪ ತಗ್ಗಿದರೂ ಅವಳ ಮುಖವನ್ನೇ ನೋಡುತ್ತಿದ್ದೆ. ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಮೂಗಿನ ಮೇಲಿನ ಮುಚ್ಚಳ ಸರಿಸಿ ಕೇಳಿದ್ದು ಒಂದೇ ಮಾತು, "ಕೂಸು ಅಳ್ತೇನು?" ಕೂಸು ಅತ್ತದ್ದು ಸಂಜೆ ದೀಪ ಹಾಕುವ ಹೊತ್ತಿಗೆ. ಹಸಿವಿನಿಂದ, ಸಿಟ್ಟಿನಿಂದ, ಮೈಯೆಲ್ಲ ಕೆಂಪಾಗಿ ಅತ್ತಿತು. ವೈದ್ಯರು ಆಗಲೂ ನಗಲಿಲ್ಲ. ಮರುದಿನ ಕಳೆಯಲಿ ಎಂದರು. ಮರುದಿನವೂ ಕಳೆಯಿತು, ಇಬ್ಬರೂ ಉಳಿದರು. ವಾಸನೆ ಬಂದು ಬಹಳ ಹೊತ್ತಾಗಿರಲಿಲ್ಲ, ಕೂಸು ಮಲಗಿದ್ದು ಪೀಪಾಯಿಯಿಂದ ದೂರದ ಗೋಡೆಗೆ, ಅದೇ ಪುಣ್ಯ ಎಂದರು.

ಮಗಳು ಆಸ್ಪತ್ರೆಯಿಂದ ನೇರ ಚಿಟಗುಪ್ಪಕ್ಕೆ ಹೋದಳು. "ಆ ಮನಿಗೆ ನಾ ಬರಂಗಿಲ್ಲ ಮಮ್ಮಿ. ಅಜ್ಜಿಗೆ ಏನೂ ಅನಬ್ಯಾಡ. ಆದ್ರ ನನಗೂ ಏನೂ ಹೇಳಬ್ಯಾಡ," ಎಂದಳು. ಕಾರಿನ ಬಾಗಿಲು ಹಾಕಿಕೊಂಡಾಗ ಕೂಸಿನ ಮೇಲೆ ಸೆರಗು ಎಳೆದಿದ್ದಳು.

ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ದಿನಗಟ್ಟಲೆ ತೆರೆದಿಟ್ಟೆವು. ಗಂಡ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಪೀಪಾಯಿಯನ್ನು ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಎಳೆದು ಹಾಕಿದರು. ಬಾಟಲಿಯನ್ನೂ ಅಲ್ಲೇ ಒಂದು ಎತ್ತರದ ಕಲ್ಲಿನ ಮೇಲೆ ಇಟ್ಟರು. ಈಗ ಸಾಗಹಾಕಬೇಕಾದದ್ದು ಒಂದಲ್ಲ, ಎರಡು. ಕಸದ ಗಾಡಿಯ ಹೆಂಗಸು ಕೂಸಿನ ವಿಷಯ ಕೇಳಿ ಕಣ್ಣು ಒರೆಸಿಕೊಂಡಳು. ಆದರೆ ಜೋಳ ಬೇಡವೆಂದಳು. ಅವಳದು ತಪ್ಪಲ್ಲ. ತಿಪ್ಪೆಗೆ ಚೆಲ್ಲಿದರೆ ದನ ತಿನ್ನುತ್ತವೆ, ಹಕ್ಕಿ ತಿನ್ನುತ್ತವೆ. ನನಗೆ ರಾತ್ರಿ ಹಗಲು ಒಂದೇ ಭಯವಾಯಿತು. ಮಳೆಯ ಗಾಳಿ ತಿರುಗಿದರೆ ತಗಡಿನ ಕೆಳಗೆ ಎರಚಲು ಬರುತ್ತಿತ್ತು. ಮೋಡ ಕವಿದಾಗಲೆಲ್ಲ ಹಿತ್ತಲ ಬಾಗಿಲಿಗೆ ಹೋಗಿ ಮೂಗು ಅರಳಿಸಿ ನಿಲ್ಲುತ್ತಿದ್ದೆ. ಪಕ್ಕದ ಮನೆಯ ಮಕ್ಕಳ ಚೆಂಡು ಗೋಡೆ ದಾಟಿ ಬಂದರೆ ಎದೆ ಧಸಕ್ಕೆನ್ನುತ್ತಿತ್ತು.

ಅತ್ತೆ ಮಾತು ಬಿಟ್ಟಿದ್ದರು. ಬೈದರೆ ಉತ್ತರ ಕೊಡುತ್ತಿದ್ದರೇನೋ, ಯಾರೂ ಬೈಯಲಿಲ್ಲ. ರೊಟ್ಟಿ ತಟ್ಟೆಗೆ ಹಾಕಿದರೆ ಅನ್ನ ಮಾತ್ರ ಉಂಡು ಏಳುತ್ತಿದ್ದರು. ಒಂದು ಬೆಳಿಗ್ಗೆ ನಾನು ಯಾರ್ಯಾರಿಗೋ ಫೋನು ಮಾಡಿ ಸೋತು ಕೂತಾಗ ಎದುರಿಗೆ ಬಂದು ನಿಂತರು.

"ಹುಮನಾಬಾದದಾಗ ಗೋದಾಮಿಗೆ ಈ ಗುಳಿಗಿ ಇಡೋ ಮನಷ್ಯ ಒಬ್ಬ ಅದಾನ. ಮೊದಲ ನಮ್ಮ ಬಾಜೂ ಅಂಗಡ್ಯಾಗ ಇದ್ದ. ಸರಕಾರದ ಪರವಾನಗಿ ಅದ ಅವಗ. ಕೇಳಿ ನೋಡು."

ಪೇಟೆಯ ಹಳಬರನ್ನು ಹಿಡಿದು ಅವನ ನಂಬರು ಪಡೆದೆವು. ಅವನು ಎಲ್ಲವನ್ನೂ ಕೇಳಿಸಿಕೊಂಡು, ನಾವು ತಂದುಕೊಟ್ಟರೆ ತೆಗೆದುಕೊಳ್ಳಲು ಒಪ್ಪಿದ. ಮುಚ್ಚಿದ ಗಾಡಿಯಲ್ಲಿ ಬೇಡ, ಬಸ್ಸಿನಲ್ಲಂತೂ ಬೇಡವೇ ಬೇಡ. ಹಿಂದೆ ತೆರೆದಿರುವ ಗಾಡಿ ಇರಲಿ, ಒಂದು ಹನಿ ನೀರೂ ಬೀಳಬಾರದು ಎಂದ.

ಮೋಡವಿಲ್ಲದ ಬೆಳಿಗ್ಗೆ ನೋಡಿ ಒಂದು ಗೂಡ್ಸ್ ಆಟೋ ಹೇಳಿದೆವು. ಚಾಲಕ ನಮ್ಮ ಊರಿನ ಮುಸ್ಲಿಂ ಮನೆತನದ ವಯಸ್ಸಾದ ಮನುಷ್ಯ, ಅಂಗಡಿಯ ಸಾಮಾನು ತಂದವನೂ ಅವನೇ. ಏನು ಒಯ್ಯುತ್ತಿದ್ದೇವೆಂದು ಮುಚ್ಚಿಡದೆ ಹೇಳಿದೆ. ಗಡ್ಡ ನೀವಿಕೊಂಡ. "ಒಯ್ಯೋಣ್ರಿ. ಮನ್ಯಾಗ ಇಟ್ಕೊಂಡು ಎಷ್ಟು ದಿನಾ ಅಂತ ಫಿಕರ್ ಮಾಡ್ತೀರಿ," ಎಂದ. ಗಂಡನಿಗೆ ರಜೆ ಸಿಗಲಿಲ್ಲ. ನಾನೊಬ್ಬಳೇ ಹೊರಡುವುದೆಂದಿತ್ತು. ಆದರೆ ಅತ್ತೆ ಸೀರೆ ಬದಲಿಸಿ ಬಂದು ಚಾಲಕನ ಪಕ್ಕ ಕೂತುಬಿಟ್ಟಿದ್ದರು. ಇಳಿಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಹೆದ್ದಾರಿಗೆ ಬರುವವರೆಗೆ ಬಿಸಿಲಿತ್ತು. ರಾಜೇಶ್ವರ ದಾಟಿದ ಮೇಲೆ ಎದುರಿನ ಆಕಾಶ ಕಪ್ಪಾಗುತ್ತಾ ಬಂತು. ನಾನು ಹಿಂದಿನ ಸಣ್ಣ ಕಿಂಡಿಯಿಂದ, ಪೀಪಾಯಿಗೆ ಮಳೆ ತಾಗದಂತೆ ಹೊದಿಸಿ ಕಟ್ಟಿದ್ದ ತಾಡಪತ್ರಿಯನ್ನೇ ನೋಡುತ್ತಿದ್ದೆ. ಗಾಳಿಗೆ ಅದರ ಒಂದು ಅಂಚು ಬಿಚ್ಚಿಕೊಂಡು ಪಟಪಟ ಬಡಿಯಲು ಶುರುವಾಗಿತ್ತು. ಮೊದಲ ದಪ್ಪ ಹನಿಗಳು ಗಾಜಿಗೆ ಬಿದ್ದಾಗ ಚಾಲಕ ರಸ್ತೆ ಬದಿಯ ಬಸ್ ತಂಗುದಾಣ ನೋಡಿ ಗಾಡಿಯನ್ನು ಹಿಮ್ಮುಖವಾಗಿ ಅದರ ಸೂರಿನ ಕೆಳಗೆ ತಂದ. ಒಳಗೆ ಜನವಿತ್ತು. ಶಾಲೆಗೆ ಹೊರಟ ಹುಡುಗಿಯರು, ಬುಟ್ಟಿ ಇಟ್ಟುಕೊಂಡ ಇಬ್ಬರು ಹೆಂಗಸರು, ಬೈಕು ನಿಲ್ಲಿಸಿ ಬಂದ ಗಂಡಸರು. ಪೀಪಾಯಿ ಅವರಿಂದ ಒಂದು ಮಾರು ದೂರದಲ್ಲಿತ್ತು. ಸಡಿಲವಾದ ತಾಡಪತ್ರಿಯ ಸಂದಿಯಿಂದ ಆ ವಾಸನೆ ನನಗೆ ಬಂತು. ಅಥವಾ ಬಂದಂತೆ ಅನಿಸಿತು. ಎರಡರಲ್ಲಿ ಯಾವುದೆಂದು ಈಗಲೂ ಹೇಳಲಾರೆ.

ನಾನು ಇಳಿಯುವುದರೊಳಗೆ ಅತ್ತೆ ಇಳಿದಿದ್ದರು.

"ಎಲ್ಲಾರೂ ಹೊರಗ ನಡೀರಿ! ದೂರ ಹೋಗ್ರಿ, ಇದ್ರಾಗ ವಿಷ ಅದ!"

ಒಬ್ಬ ನಕ್ಕ. "ಮಳಿ ನಿಂದ್ರಲಿ ಅಜ್ಜಿ, ಹೋಗ್ತೀವಿ. ನಿನ್ನ ಜೋಳ ಯಾರೂ ಕದಿಯಂಗಿಲ್ಲ."

ಅತ್ತೆ ಅವನ ಹತ್ತಿರಕ್ಕೆ ಹೋದರು. ಹೇಳಿದ್ದು ಅವನಿಗೆ. ಆದರೆ ಎಲ್ಲರಿಗೂ ಕೇಳಿಸಿತು.

"ಇದೇ ಜೋಳಕ್ಕ ಗುಳಿಗಿ ಹಾಕಿ ನನ್ನ ಮರಿಮಗನ್ನ ನಾನೇ ಕೊಲ್ತಿದ್ದೆ. ನಾನು, ಈ ಕೈಲೆ. ಗೊತ್ತಿಲ್ಲದ ಹಾಕೀನಿ. ನಿಮಗ ಗೊತ್ತು ಮಾಡಿ ಹೇಳಾಕತ್ತೇನಿ. ಪೋರಿಗೋಳನ್ನ ಕರ್ಕೊಂಡು ನಡೀರಪ್ಪಾ, ನಿಮ್ಮ ಕಾಲು ಬೀಳ್ತೀನಿ."

ನಕ್ಕವನೇ ಮೊದಲು ಹುಡುಗಿಯರ ಚೀಲ ಎತ್ತಿಕೊಂಡ. ಮಳೆಯಲ್ಲಿ ತಲೆಯ ಮೇಲೆ ಪುಸ್ತಕ ಹಿಡಿದುಕೊಂಡು ಎಲ್ಲರೂ ರಸ್ತೆ ದಾಟಿ ಎದುರಿನ ಚಹಾ ಅಂಗಡಿಗೆ ಓಡಿದರು. ನಾನೂ ಚಾಲಕನೂ ತಾಡಪತ್ರಿಯ ಅಂಚನ್ನು ಎಳೆದು ಹಗ್ಗ ಬಿಗಿದೆವು. ಅತ್ತೆ ಮಾತ್ರ ಸೂರಿನ ಕೆಳಗೂ ಬರಲಿಲ್ಲ, ಚಹಾ ಅಂಗಡಿಗೂ ಹೋಗಲಿಲ್ಲ. ತಂಗುದಾಣದ ಮುಂದೆ ಮಳೆಯಲ್ಲೇ ನಿಂತು, ಓಡಿಬರುವ ಹೊಸಬರನ್ನು ಕೈ ಅಡ್ಡ ಹಿಡಿದು ಆಚೆ ಕಳಿಸುತ್ತಿದ್ದರು. ಒಳಗೆ ಬನ್ನಿ ಎಂದು ಕರೆದೆ. ತಿರುಗಿಯೂ ನೋಡಲಿಲ್ಲ. ನಾನು ಸೂರಿನಿಂದ ಹೊರಗೆ ಹೋಗಿ ಅವರ ಪಕ್ಕ ನಿಂತೆ. ಮಳೆ ನಿಲ್ಲುವವರೆಗೆ ಇಬ್ಬರೂ ಹಾಗೇ ನಿಂತಿದ್ದೆವು.

ಹುಮನಾಬಾದ್ ತಲುಪಿದಾಗ ಆ ಮನುಷ್ಯ ಗೋದಾಮಿನ ಹೊರಗೆ ಬಯಲಲ್ಲಿ ಕಾಯುತ್ತಿದ್ದ. ಮುಖಕ್ಕೆ ಮುಖವಾಡ, ಕೈಗೆ ರಬ್ಬರಿನ ಗವಸು. ನಮ್ಮನ್ನು ಗಾಳಿ ಬರುವ ದಿಕ್ಕಿಗೆ ದೂರ ನಿಲ್ಲಿಸಿ ತಾಡಪತ್ರಿ ಬಿಚ್ಚಿದ. ಬಾಟಲಿಯನ್ನು ಎತ್ತಿ ನೋಡಿದ. ಮುಚ್ಚಳ ಅರ್ಧ ಮಾತ್ರ ತಿರುವಿತ್ತು. ಅತ್ತೆ ಅವತ್ತು ಮುಚ್ಚಿದ್ದು ಹಾಗೇ ಇತ್ತು; ಅವನು ಅದನ್ನು ಪೂರ್ತಿ ಬಿಗಿದ. ಬಾಟಲಿಯನ್ನೂ ಪೀಪಾಯಿಯನ್ನೂ ಒಯ್ದು ಬಂದು ಮುಖವಾಡ ತೆಗೆದ.

"ಆ ಜೋಳ ಇನ್ನ ಯಾರ ಹೊಟ್ಟಿಗೂ ಹೋಗಂಗಿಲ್ರಿ ಅವ್ವೋರೆ. ನಾ ನೋಡ್ಕೋತೀನಿ. ನೀವಿನ್ನ ನಡೀರಿ, ತೊಯ್ದೀರಿ," ಎಂದ.

ಅತ್ತೆ ಅವನಿಗೆ ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ, "ಚಿಟಗುಪ್ಪದ ಬಸ್ ಎಲ್ಲಿ ನಿಂದ್ರತದ?" ಎಂದರು.

ಮಗಳಿಗೆ ಮೊದಲೇ ಫೋನು ಮಾಡಲು ಅವರು ಬಿಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು, ಒದ್ದೆ ಸೆರಗನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ. ನನಗೆ ಬೆಳಗಿನಿಂದ ಇದ್ದ ಭಯ ಇಳಿದು ಬೇರೆಯದೇ ಒಂದು ಹತ್ತಿಕೊಂಡಿತ್ತು. ಬೀಗರ ಮನೆ, ಅವರ ಎದುರಿಗೆ ಮಗಳು ಬಾಗಿಲು ಹಾಕಿಕೊಂಡರೆ? ಈ ವಯಸ್ಸಿನ ಜೀವ ಅದನ್ನು ಹೇಗೆ ತಡೆದುಕೊಂಡೀತು?

ಬಾಗಿಲು ತೆಗೆದವಳು ಮಗಳೇ. ಅಜ್ಜಿಯನ್ನು ನೋಡಿ ಹೊಸ್ತಿಲಲ್ಲೇ ನಿಂತಳು. ಅತ್ತೆಯೂ ಮೆಟ್ಟಿಲು ಹತ್ತಲಿಲ್ಲ.

"ಒಳಗ ಬರಂಗಿಲ್ಲ ಬಾಳಾ. ಎಲ್ಲಾ ಕೊಟ್ಟು ಬಂದೀವಿ, ಅದನ್ನ ಹೇಳಾಕ ಬಂದೆ. ಈಗ ಮನ್ಯಾಗ ಏನೂ ಇಲ್ಲ."

ಮಗಳು ನನ್ನತ್ತ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಒಳಗೆ ಕೂಸು ಏನೋ ಸದ್ದು ಮಾಡಿತು. ಅತ್ತೆಯ ಮುಖ ಆ ಕಡೆಗೆ ಹೊರಳಿ ಮತ್ತೆ ನೆಲಕ್ಕೆ ಬಂತು. ಮಗಳ ಕಣ್ಣು ತುಂಬಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

"ಮೊದಲ ಜಳಕ ಮಾಡು. ತಲಿ ಮ್ಯಾಲ ನೀರು ಹಾಕ್ಕೋ. ನಮ್ಮ ಅತ್ತಿ ಸೀರಿ ಕೊಡ್ತೀನಿ, ಇದನ್ನ ಹೊರಗ ಬಿಡು."

ಅತ್ತೆ ಜಳಕ ಮಾಡಿ, ಬೀಗಿತ್ತಿಯ ಸೀರೆ ಉಟ್ಟು, ಕೈಗಳನ್ನು ಇನ್ನೊಮ್ಮೆ ಸಾಬೂನಿನಿಂದ ತೊಳೆದು ಬಂದು ಚಾಪೆಯ ಮೇಲೆ ಕೂತರು. ಮಗಳು ಕೂಸನ್ನು ತಂದು ಅವರ ತೊಡೆಯ ಮೇಲೆ ಮಲಗಿಸಿದಳು. ಆದರೆ ಎದ್ದು ಹೋಗಲಿಲ್ಲ. ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಕೂಸಿನ ಪಾದದ ಮೇಲೆ ಒಂದು ಕೈ ಇಟ್ಟುಕೊಂಡೇ ಇದ್ದಳು. ಅತ್ತೆ ಆ ಕೈಯನ್ನು ನೋಡಿದರು. ನಾವು ಹೊರಡುವವರೆಗೂ ಅವಳು ಕೈ ತೆಗೆಯಲಿಲ್ಲ.

ದೀಪಾವಳಿಗೆ ಮಗಳು ಕೂಸಿನೊಂದಿಗೆ ನಮ್ಮ ಮನೆಗೆ ಬಂದಳು. ಹಾಸಿಗೆಯನ್ನು ಪಡಸಾಲೆಯಲ್ಲಿ, ತೆರೆದ ಕಿಟಕಿಯ ಕೆಳಗೆ ತಾನೇ ಹಾಸಿಕೊಂಡಳು. ಗಾಳಿ ಬರುತ್ತದೆ ಎಂದು ಅತ್ತೆ ಅವಳಿಗೆ ಹೇಳಲಿಲ್ಲ. ಒಂದು ದಪ್ಪ ಕೌದಿ ತಂದು ಕಾಲ ಬಳಿ ಇಟ್ಟು ಹೋದರು.